ಹೆಸರು ಬದಲಿಸದ ಕಾರ್ಡು

ಯಂತ್ರಗಳಿಗೂ ನನಗೂ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಮಿಕ್ಸಿ ನಿಂತರೆ ಅದರ ತಲೆಗೊಂದು ತಟ್ಟುವುದು, ತಟ್ಟಿದರೂ ಕೇಳದಿದ್ದರೆ ಒರಳುಕಲ್ಲಿಗೆ ಶರಣಾಗುವುದು. ನನಗೆ ಗೊತ್ತಿದ್ದ ರಿಪೇರಿ ವಿದ್ಯೆ ಇದಿಷ್ಟೆ. ಫ್ಯೂಸ್ ಹೋದರೆ ಹಾಕುವವರು ತಾಯಿಮನೆಯಲ್ಲಿ ಅಣ್ಣ, ಇಲ್ಲಿ ನಮ್ಮವರು. ನಾನು ಟಾರ್ಚು ಹಿಡಿದುಕೊಂಡು ನಿಲ್ಲುವವಳು. ಮೂವತ್ತು ವರ್ಷಕ್ಕೂ ಮಿಕ್ಕಿ ಟಾರ್ಚು ಹಿಡಿದ ಅನುಭವ ನನ್ನದು. ಹಿಡಿದದ್ದು ಸರಿಯಾಗಿಲ್ಲವೆಂದು ಬೈಸಿಕೊಂಡದ್ದೂ ಅಷ್ಟೇ ವರ್ಷ. ಇಂಥ ನಾನು ಒಂದು ಸರ್ವರಿನ ಹೊಟ್ಟೆ ಬಿಚ್ಚಿ, ಒಳಗೆ ನೆಟ್‌ವರ್ಕ್ ಕಾರ್ಡು ಕೂರಿಸಿ, ಅದಕ್ಕೆ ವಿಳಾಸ ಬರೆದುಕೊಟ್ಟೆನೆಂದರೆ ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ಪೂರ್ತಿ ನಂಬುವುದಿಲ್ಲ. "ಹುಡುಗರು ಯಾರೋ ಮಾಡಿಕೊಟ್ಟಿರಬೇಕು" ಎನ್ನುತ್ತಾರೆ. ಹುಡುಗರಲ್ಲ, ಹುಡುಗಿಯರು ಮಾಡಿಕೊಟ್ಟದ್ದು. ಅದನ್ನೇ ಬರೆಯಲು ಕುಳಿತಿದ್ದೇನೆ.

ನಮ್ಮದು ಉತ್ತರ ಕನ್ನಡದ ಘಟ್ಟದ ಮೇಲಿನ ಊರು. ಅಲ್ಲಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತ ಬಂದವಳು ನಾನು. ನಮ್ಮ ಕಡೆ ಗಂಡು ಮೇಷ್ಟರು ಮಾಸ್ತರು, ಹೆಣ್ಣು ಮೇಷ್ಟರು ಅಕ್ಕೋರು. ಶಾಲೆಯಲ್ಲಿ ಒಂದು ಕಂಪ್ಯೂಟರ್ ಕೋಣೆಯಿತ್ತು. ಗುತ್ತಿಗೆಯ ಮೇಲೆ ಕಲಿಸಲು ಬರುತ್ತಿದ್ದ ಹುಡುಗ 2011ರಲ್ಲಿ ಗುತ್ತಿಗೆ ಮುಗಿಯಿತೆಂದು ಚೀಲ ಹೆಗಲಿಗೇರಿಸಿ ಹೋದ. ಮರುದಿನ ಹೆಡ್ ಅಕ್ಕೋರು ಆ ಕೋಣೆಯ ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟರು. ನಾನು ಗಾಬರಿಯಿಂದ ನೋಡಿದೆ. "ನಿಮಗೆ ಟೈಪಿಂಗ್ ಬರ್ತದಲ್ಲ?" ಎಂದರು. ಬಿ.ಎ. ಓದುವಾಗ ಕನ್ನಡ ಟೈಪಿಂಗ್ ಜೂನಿಯರ್ ಪರೀಕ್ಷೆ ಪಾಸು ಮಾಡಿದ್ದು ಹೌದು. ಟೈಪಿಂಗ್ ಬಂದವಳಿಗೆ ಕಂಪ್ಯೂಟರ್ ಕೋಣೆ ಒಪ್ಪಿಸುವುದೆಂದರೆ ಸೈಕಲ್ ಬಂದವನಿಗೆ ಬಸ್ಸು ಒಪ್ಪಿಸಿದಂತೆ. ಆದರೆ ಹೆಡ್ ಅಕ್ಕೋರಿಗೆ ಎದುರಾಡುವ ಅಭ್ಯಾಸ ನಮಗ್ಯಾರಿಗೂ ಇರಲಿಲ್ಲ.

ಆ ಕೋಣೆಯ ಸಂಸಾರ ಹೇಗಿತ್ತೆಂದು ಸ್ವಲ್ಪ ಹೇಳಬೇಕು. ಮಕ್ಕಳು ಕೂರುವ ಹತ್ತು ಯಂತ್ರಗಳು, ಮೂಲೆಯಲ್ಲಿ ಒಂದು ದೊಡ್ಡ ಪೆಟ್ಟಿಗೆ. ಅದೇ ಸರ್ವರು. ಮಕ್ಕಳ ಯಂತ್ರಗಳೊಳಗೆ ಹಾರ್ಡ್ ಡಿಸ್ಕ್ ಇರಲಿಲ್ಲ. ಅವುಗಳಿಗೆ ಸ್ವಂತದ್ದೆಂದು ಏನೂ ಇಲ್ಲ. ಬೆಳಿಗ್ಗೆ ಸ್ವಿಚ್ ಹಾಕಿದ ಕೂಡಲೇ ತಂತಿಯ ಮೂಲಕ ಸರ್ವರನ್ನು ಕೂಗಿ, "ನಾನು ಬಂದಿದ್ದೇನೆ, ನನಗೊಂದು ವಿಳಾಸ ಕೊಡು, ಕೆಲಸ ಕೊಡು" ಎಂದು ಕೇಳಬೇಕು. ಸರ್ವರು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಕೂಡುಕುಟುಂಬದ ಅಡುಗೆಮನೆ ಇದ್ದ ಹಾಗೆ. ಒಲೆ ಒಂದೇ, ಎಲೆ ಹತ್ತು. ಹಂಚಲು ನಡುವೆ ಸ್ವಿಚ್ ಎಂಬ ಚಪ್ಪಟೆ ಡಬ್ಬಿ. ಅದರಲ್ಲಿ ಹದಿನಾರು ಕಿಂಡಿ. ಹೊರಗಿನ ಇಂಟರ್ನೆಟ್ ತರುವ ಮೊಡೆಮ್ ಕೂಡ ಅದಕ್ಕೇ ಅಂಟಿಕೊಂಡಿತ್ತು. 2012ರ ಬೇಸಿಗೆ ರಜೆಯಲ್ಲಿ ನಮ್ಮದೇ ಶಾಲೆಯಲ್ಲಿ ಓದಿ ಬೆಂಗಳೂರಿನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದ ಹುಡುಗಿಯೊಬ್ಬಳು ಊರಿಗೆ ಬಂದವಳು, ಸರ್ವರಿಗೆ ಉಬುಂಟು 12.04 ಎಂಬ ಹೊಸ ವ್ಯವಸ್ಥೆ ಹಾಕಿಕೊಟ್ಟು ಹೋಗಿದ್ದಳು. "ಏನಾದರೂ ಆದರೆ ಫೋನ್ ಮಾಡಿ ಅಕ್ಕೋರೆ" ಎಂದಿದ್ದಳು.

ಕಂಪ್ಯೂಟರಿನಲ್ಲಿ ಏನು ಕಲಿಸಬೇಕೋ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಕನ್ನಡ. ಹಾಗಾಗಿ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಒಂದು ಕೆಲಸ ಕೊಟ್ಟೆ. ಮನೆಯಲ್ಲಿರುವ ಅಜ್ಜಿಯ ಎದುರು ಕೂತು, ಅವಳು ಹೇಳಿದ್ದನ್ನು ಕೇಳಿ ಬಂದು, ಅವಳ ಮಾತಿನಲ್ಲೇ ಟೈಪು ಮಾಡಿಡಬೇಕು. 'ಅಜ್ಜಿ ಹೇಳಿದ್ದು' ಎಂದು ಹೆಸರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಯ್ಯುತ್ತಿದ್ದರೆ ನಮ್ಮ ಕೋಣೆಯಲ್ಲಿ ಕೀಲಿಗಳ ಸದ್ದು. ಬಾಣಂತಿಯರಿಗೆ ಮಾಡುವ ಕಷಾಯ, ಎಮ್ಮೆ ಕಳೆದ ಕಥೆ, ಎಂಟು ಮೈಲಿ ನಡೆದು ಸಂತೆಗೆ ಹೋದದ್ದು, ಕೊಟ್ಟಿಗೆಯಲ್ಲಿ ಹೆತ್ತದ್ದು, ಸತ್ತ ಮಗುವಿನ ಬಟ್ಟೆಯನ್ನು ಅಡಗಿಸಿಟ್ಟದ್ದು. ಓದಿ ನಾನೇ ಎಷ್ಟೋ ಸಲ ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದೇನೆ. ನಲವತ್ತಕ್ಕೂ ಹೆಚ್ಚು ಫೈಲುಗಳಾಗಿದ್ದವು. ಎಲ್ಲವೂ ಇದ್ದದ್ದು ಆ ಸರ್ವರಿನಲ್ಲಿ. ಕಾಗದದ ಮೇಲೆ ಒಂದೂ ಇರಲಿಲ್ಲ. ಪ್ರಿಂಟರಿನ ಶಾಯಿ ಮುಗಿದಿತ್ತು, ಶಾಲೆಯ ಹಣವೂ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ದಸರೆ ರಜೆಗೆ ಮುಂಚೆ ಕೋಣೆ ಮುಚ್ಚುವಾಗ ಎಲ್ಲ ಯಂತ್ರಗಳ ಕರೆಂಟಿನ ಪ್ಲಗ್ಗು ಕಿತ್ತಿಟ್ಟೆ. ನೆಲಕ್ಕೆ ಗೋಣಿ ಹಾಸಿದೆ. ಸರಸ್ವತಿ ಪಟಕ್ಕೆ ನಮಸ್ಕಾರ ಮಾಡಿ ಬೀಗ ಹಾಕಿದೆ. ಆದರೆ ಮೊಡೆಮ್‌ಗೆ ಬರುವ ಟೆಲಿಫೋನ್ ತಂತಿ ತೆಗೆಯಲು ಮರೆತೆ. ಬೆಂಗಳೂರಿನ ಹುಡುಗಿ ಹೇಳಿಯೇ ಹೋಗಿದ್ದಳು. ಸಿಡಿಲು ಬರುವುದು ಕರೆಂಟಿನ ತಂತಿಯಲ್ಲಿ ಮಾತ್ರ ಎಂಬುದು ನನ್ನ ತಿಳುವಳಿಕೆ. ಆ ವರ್ಷ ಚಿತ್ತೆ ಮಳೆ ಗುಡುಗು ಸಿಡಿಲು ಕಟ್ಟಿಕೊಂಡೇ ಬಂತು. ರಜೆ ಮುಗಿಸಿ ಬಂದು ನೋಡಿದರೆ ಮೊಡೆಮ್ ಕಮಟು ವಾಸನೆ ಹೊಡೆಯುತ್ತಿತ್ತು. ಸ್ವಿಚ್‌ನ ಎರಡು ಕಿಂಡಿ ಸತ್ತಿದ್ದವು. ಸರ್ವರು ಏಳುತ್ತಿತ್ತು, ಆದರೆ ಯಾರ ಜೊತೆಗೂ ಮಾತಿಲ್ಲ. ಮಕ್ಕಳ ಹತ್ತೂ ಯಂತ್ರಗಳ ಕಪ್ಪು ಪರದೆಯ ಮೇಲೆ ಒಂದೊಂದೇ ಚುಕ್ಕಿ ಮೂಡುತ್ತ ಹೋಗುತ್ತಿತ್ತು. ವಿಳಾಸ ಕೇಳಿ ಕಾಯುತ್ತಿವೆ ಎಂದು ಅರ್ಥವಂತೆ. ಸ್ವಲ್ಪ ಹೊತ್ತಾದ ಮೇಲೆ, ಯಾರೂ ಏನೂ ಕೊಡಲಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಸುಮ್ಮನಾಗುತ್ತಿದ್ದವು.

ಅವತ್ತಿನಿಂದ ಒಬ್ಬ ಹುಡುಗಿ ದಿನಾ ನನ್ನ ಬೆನ್ನು ಬಿದ್ದಳು. ಹೆಸರು ಬರೆಯುವುದಿಲ್ಲ, ಈಗ ಅವಳಿಗೂ ಒಂದು ಸಂಸಾರವಿದೆ. ಅಪ್ಪನದು ಪಂಪ್‌ಸೆಟ್ ರಿಪೇರಿ ಅಂಗಡಿ. ಕಡೆಯ ಬೆಂಚಿನವಳು, ಮಾತು ಕಡಿಮೆ. "ಅಕ್ಕೋರೆ, ಸರ್ವರು ಸರಿಯಾಯ್ತಾ?" ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ನಾಲ್ಕನೆಯ ದಿನ ನನಗೆ ರೇಗಿತು. "ಆಟ ಆಡಲಿಕ್ಕೆ ಇಷ್ಟು ಅವಸರವೇನೆ?" ಎಂದು ಎಲ್ಲರೆದುರು ಗದರಿಸಿದೆ. ಅವಳು ತಲೆ ತಗ್ಗಿಸಿ ಹೋದಳು. ಪಕ್ಕದ ಬೆಂಚಿನ ಹುಡುಗಿ ಆಮೇಲೆ ಬಂದು ಹೇಳಿದಳು: "ಅಕ್ಕೋರೆ, ಅವಳ ಅಜ್ಜಿ ರಜೆಯಲ್ಲಿ ತೀರಿಕೊಂಡರು."

ನಾನು ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಅವಳು ಅಳಲಿಲ್ಲ. ವೈಕುಂಠ ಸಮಾರಾಧನೆಯ ಕಾರ್ಡನ್ನು ಚೀಲದಿಂದ ತೆಗೆದು ತೋರಿಸಿದಳು. "ಇದರಲ್ಲಿ ಇರೋದು ಈ ಮನೇಲಿ ಇಟ್ಟ ಹೆಸರು ಅಕ್ಕೋರೆ. ಅಜ್ಜಿಯ ಸ್ವಂತ ಹೆಸರು ಬೇರೆ. ಅಪ್ಪನಿಗೂ ಗೊತ್ತಿರಲಿಲ್ಲ. ನಾನು ಕೇಳಿದ್ದಕ್ಕೆ ಹೇಳಿದ್ದಳು. ಅದನ್ನ ಬರೆದಿಟ್ಟಿರೋದು ಸರ್ವರಿನಲ್ಲಿ ಮಾತ್ರ." ನನಗೆ ಏನು ಹೇಳಬೇಕೋ ತೋಚಲಿಲ್ಲ. ಅವಳ ಕೈ ಹಿಡಿದುಕೊಂಡು ಕೂತೆ. ಯಾಕೆ ತೋಚಲಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ.

ರಿಪೇರಿಯವನೊಬ್ಬ ಬಂದು ನೋಡಿದ. ಮದರ್‌ಬೋರ್ಡ್ ಪೂರ್ತಿ ಬದಲಿಸಬೇಕು, ಪೆಟ್ಟಿಗೆ ಹುಬ್ಬಳ್ಳಿಗೆ ಹೋಗಬೇಕು, ಮೂರು ವಾರ ಬೇಕು ಎಂದ. ಒಳಗಿದ್ದ ಮಕ್ಕಳ ಬರವಣಿಗೆ? "ಫಾರ್ಮ್ಯಾಟ್ ಮಾಡ್ತಾರೆ ಮೇಡಂ, ಗ್ಯಾರಂಟಿ ಇಲ್ಲ" ಎಂದು ಬೀಡಾ ಅಗಿಯುತ್ತ ಹೇಳಿದ. ಹೆಡ್ ಅಕ್ಕೋರು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಲು ಪೆನ್ನು ತೆಗೆದಿದ್ದರು. ಎದುರಾಡಿ ಅಭ್ಯಾಸವಿಲ್ಲದ ನಾನು ಅವತ್ತು, "ಎರಡು ದಿನ ತಡೀರಿ" ಎಂದುಬಿಟ್ಟೆ. ಹೇಳಿದ ಮೇಲೆ ನನ್ನ ದನಿ ನನಗೇ ಅಪರಿಚಿತವೆನಿಸಿತು.

ಸಂಜೆ ಬೆಂಗಳೂರಿಗೆ ಫೋನ್ ಮಾಡಿದೆ. ಅವಳು ಮೊದಲು ಕೇಳಿದ್ದು, "ಟೆಲಿಫೋನ್ ತಂತಿ ತೆಗೆದಿದ್ರಾ ಅಕ್ಕೋರೆ?" ಎಂದು. ನಾನು ಸುಮ್ಮನಿದ್ದೆ. ಅವಳಿಗೆ ಉತ್ತರ ಸಿಕ್ಕಿತು. ಆಮೇಲೆ ನಿಧಾನವಾಗಿ ವಿವರಿಸಿದಳು. ಸರ್ವರಿಗೆ ತಂತಿ ಸಿಕ್ಕಿಸುವ ಕಿಂಡಿ ಮದರ್‌ಬೋರ್ಡಿನಲ್ಲೇ ಸೇರಿರುತ್ತದೆ. ಸಿಡಿಲು ಮೊಡೆಮ್‌ನಿಂದ ಸ್ವಿಚ್‌ಗೆ, ಸ್ವಿಚ್‌ನಿಂದ ಆ ಕಿಂಡಿಗೆ ಬಂದಿದೆ. "ಬಾಗಿಲು ಸುಟ್ಟಿದೆ, ಅಷ್ಟೆ. ಯಂತ್ರ ಏಳ್ತಾ ಇದೆ ಅಂದ ಮೇಲೆ ಒಳಗಿನ ಸಾಮಾನು ಹಾಗೇ ಇದೆ. ಪೆಟ್ಟಿಗೆಯನ್ನ ಯಾರಿಗೂ ಕೊಡಬೇಡಿ. ಇನ್ನೊಂದು ಬಾಗಿಲು ಇಡೋಣ. ಅಂಗಡಿಗೆ ಹೋಗಿ ಪಿಸಿಐ ನೆಟ್‌ವರ್ಕ್ ಕಾರ್ಡು ಕೇಳಿ" ಎಂದಳು. ಮರುದಿನ 300 ರೂಪಾಯಿಯೊಳಗೆ ಕಾರ್ಡು ಬಂತು. ಅಂಗೈ ಅಗಲದ ಹಸಿರು ಹಲಗೆ, ಒಂದು ಅಂಚಿಗೆ ಚಿನ್ನದ ಬಣ್ಣದ ಹಲ್ಲುಗಳು, ಇನ್ನೊಂದು ತುದಿಗೆ ತಂತಿಯ ಕಿಂಡಿ. ಜೊತೆಗೊಂದು ಪುಟಾಣಿ ಸಿ.ಡಿ. ಅದರ ಅಗತ್ಯ ಬೀಳಲಿಲ್ಲ. ಆ ಕಾರ್ಡಿನ ಮೇಲಿದ್ದ ರಿಯಲ್‌ಟೆಕ್ ಚಿಪ್ಪನ್ನು ಉಬುಂಟು ತಾನಾಗಿಯೇ ಗುರುತು ಹಿಡಿಯುತ್ತದಂತೆ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾನು, ಆ ಹುಡುಗಿ ಇಬ್ಬರೇ ಕೋಣೆಯಲ್ಲಿ ಉಳಿದೆವು. ಜವಾನನನ್ನು ಕರೆಯಲೇ ಎಂದು ಬಾಗಿಲಿಗೆ ಹೋಗಿದ್ದೆ. ಅವಳು ಚೀಲದಿಂದ ಅಪ್ಪನ ಸ್ಕ್ರೂ ಡ್ರೈವರ್ ತೆಗೆದು, "ಯಾಕೆ ಅಕ್ಕೋರೆ, ನಾವೇ ಮಾಡೋಣಲ್ಲ" ಎಂದಳು. ನಾನು ಟಾರ್ಚು ಹಿಡಿಯಲು ಹೋದೆ. ಅವಳು ಟಾರ್ಚು ತಾನು ಇಸಿದುಕೊಂಡು ಸ್ಕ್ರೂ ಡ್ರೈವರ್ ನನ್ನ ಕೈಗೆ ಕೊಟ್ಟಳು.

ಫೋನಿನಲ್ಲಿ ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡಿದ್ದೆ, ಒಬ್ಬಟ್ಟಿನ ಅಳತೆ ಬರೆದುಕೊಳ್ಳುವ ಹಾಗೆ. ಯಂತ್ರ ನಿಲ್ಲಿಸಿ ಕರೆಂಟಿನ ಪ್ಲಗ್ಗು ಕೀಳುವುದು. ಕಿತ್ತ ಮೇಲೂ ಒಮ್ಮೆ ಅದರ ಗುಂಡಿ ಒತ್ತುವುದು, ಒಳಗೆ ಉಳಿದ ಕರೆಂಟು ಹೋಗಲಿ ಎಂದು. ಬಳೆ ತೆಗೆದಿಡುವುದು. ನೈಲಾನ್ ಸೀರೆ ಉಡದಿರುವುದು. ಕಾರ್ಡು ಮುಟ್ಟುವ ಮುಂಚೆ ಪೆಟ್ಟಿಗೆಯ ಕಬ್ಬಿಣವನ್ನು ಮುಟ್ಟುವುದು. ನಮ್ಮ ಮೈಯ ಬಟ್ಟೆ ಉಜ್ಜಿ ಹುಟ್ಟುವ ವಿದ್ಯುತ್ತು ನಮಗೆ ತಿಳಿಯುವುದೂ ಇಲ್ಲ, ಆದರೆ ಆ ಸಣ್ಣ ಚಿಪ್ಪುಗಳನ್ನು ಸುಟ್ಟುಬಿಡಬಲ್ಲದಂತೆ. ಪಕ್ಕದ ತಗಡು ಬಿಚ್ಚಿದೆವು. ಒಳಗೆ ಬೆರಳು ದಪ್ಪದ ಧೂಳು, ಮೂಲೆಯಲ್ಲಿ ಎರಡು ಹಲ್ಲಿಯ ಮೊಟ್ಟೆ. ಹುಡುಗಿ ಅವನ್ನು ಕಾಗದದ ಮೇಲೆತ್ತಿ ಕಿಟಕಿಯ ಸಂದಿಗೆ ಸಾಗಿಸಿದಳು.

ಬಿಳಿಯ ಉದ್ದದ ಕಿಂಡಿಗಳು ಎರಡಿದ್ದವು. ಅದರ ಹಿಂಬದಿಯ ಸಣ್ಣ ತಗಡಿನ ಮುಚ್ಚಳ ತೆಗೆದು, ಕಾರ್ಡಿನ ಚಿನ್ನದ ಹಲ್ಲು ಮುಟ್ಟದಂತೆ ಅಂಚು ಹಿಡಿದು, ಹಲ್ಲಿನ ನಡುವಿನ ಕಚ್ಚು ಕಿಂಡಿಯ ಕಚ್ಚಿಗೆ ಸರಿಹೊಂದಿಸಿ ಒತ್ತಬೇಕು. ಕಚ್ಚು ಕೂಡದಿದ್ದರೆ ಬಲ ಹಾಕಬಾರದು. ನನ್ನ ಕೈ ನಡುಗುತ್ತಿತ್ತು. ಮೊದಲ ಸಲ ಒಂದು ತುದಿ ಕೂತಿತು, ಇನ್ನೊಂದು ಎದ್ದಿತು. ಆಗ ಕುಕ್ಕರಿನ ಗ್ಯಾಸ್ಕೆಟ್ ನೆನಪಾಯಿತು. ಒಂದೇ ಕಡೆ ಅದುಮಿದರೆ ಅದೂ ಹೀಗೇ. ಎರಡು ತುದಿಗೂ ಹೆಬ್ಬೆರಳಿಟ್ಟು ಸಮನಾಗಿ ಒತ್ತಿದೆ. ಮೆಲ್ಲಗೆ ಒಳಗಿಳಿದು ಕೂತಿತು. ಸ್ಕ್ರೂ ಬಿಗಿದು, ತಂತಿಯನ್ನು ಸ್ವಿಚ್‌ನ ಜೀವವಿರುವ ಕಿಂಡಿಗೆ ಸಿಕ್ಕಿಸಿ ಗುಂಡಿ ಒತ್ತಿದೆವು. ಕಾರ್ಡಿನ ಬೆನ್ನಲ್ಲಿ ಹಸಿರು ದೀಪ ಮಿನುಗಿತು. ನಾವಿಬ್ಬರೂ ಚಪ್ಪಾಳೆ ತಟ್ಟಿದೆವು.

ಚಪ್ಪಾಳೆ ಸ್ವಲ್ಪ ಬೇಗನೇ ತಟ್ಟಿದ್ದೆವು. ಸರ್ವರು ಏಳುವಾಗಲೇ ತಕರಾರು. ಜಾಲ ಸಿದ್ಧವಾಗಲಿ ಎಂದು ಇನ್ನೂ 60 ಸೆಕೆಂಡು ಕಾಯುತ್ತೇನೆ ಎಂದಿತು. ಕಾದು ಕಾದು ಕೊನೆಗೆ ಎದ್ದಿತು. ಮಕ್ಕಳ ಯಂತ್ರ ಹಾಕಿದರೆ ಮತ್ತೆ ಅದೇ ಚುಕ್ಕಿ. ದೀಪ ಉರಿಯುತ್ತಿದೆ, ಬಾಗಿಲಿದೆ, ಆದರೆ ಮಾತಿಲ್ಲ.

ಐದು ಗಂಟೆಗೆ ಬೆಂಗಳೂರಿನವಳು ಫೋನಿಗೆ ಸಿಕ್ಕಳು. ನಾನು ಫೋನು ಕಿವಿಗಿಟ್ಟು ಹೇಳುವುದು, ಹುಡುಗಿ ಟೈಪು ಮಾಡುವುದು. ಐಎಫ್‌ಕಾನ್ಫಿಗ್ ಎಂದು ಬರೆಸಿದಳು. ಪರದೆಯ ಮೇಲೆ ಒಂದೇ ಹೆಸರು ಬಂತು, 'ಲೋ' ಎಂದು. ಅದು ಯಂತ್ರ ತನ್ನೊಡನೆ ತಾನೇ ಮಾತಾಡಿಕೊಳ್ಳುವ ದಾರಿಯಂತೆ. "ಒಂಟಿ ಮುದುಕಿಯರ ಹಾಗೆ" ಎಂದೆ. ಅವಳು ನಕ್ಕು, ಕೊನೆಗೊಂದು ಅಡ್ಡಗೆರೆ ಹಾಕಿ 'ಎ' ಸೇರಿಸಿ ಎಂದಳು. ಆಗ ಇನ್ನೊಂದು ಹೆಸರು ಬಂತು: ಇಥ್-ಒಂದು. ಅದಕ್ಕೆ ವಿಳಾಸವೇ ಇಲ್ಲ. ಇಥ್-ಸೊನ್ನೆ ಎಂಬುದು ಎಲ್ಲೂ ಕಾಣಲಿಲ್ಲ.

"ಗೊತ್ತಾಯ್ತು ಅಕ್ಕೋರೆ" ಎಂದು ಅವಳು ವಿವರಿಸಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಪ್ರತಿಯೊಂದು ನೆಟ್‌ವರ್ಕ್ ಕಾರ್ಡಿಗೂ ಕಾರ್ಖಾನೆಯಲ್ಲೇ ಒಂದು ಗುರುತು ಕೊಟ್ಟಿರುತ್ತಾರೆ. ಎರಡೆರಡರಂತೆ ಆರು ಜೋಡಿ, ಒಟ್ಟು ಹನ್ನೆರಡು ಅಂಕಿ-ಅಕ್ಷರ. ಮೊದಲ ಮೂರು ಜೋಡಿ ತಯಾರಿಸಿದವರ ಕುಲ, ಉಳಿದ ಮೂರು ಆ ಕಾರ್ಡಿನದೇ. ಯಾವ ಯಂತ್ರಕ್ಕೆ ಹೋದರೂ ಅದು ಅದರ ಜೊತೆಗೇ ಹೋಗುತ್ತದೆ. ಬೇಕಾದರೆ ಮೇಲೊಂದು ಸುಳ್ಳು ಗುರುತು ತೊಡಿಸಬಹುದಂತೆ, ಆದರೆ ಅಡಿಯಲ್ಲಿರುವುದು ಅಳಿಯುವುದಿಲ್ಲ. ಇನ್ನೊಂದು, ಸೇರಿದ ಮನೆಯವರು ಕೊಡುವ ವಿಳಾಸ. ನಮ್ಮ ಸರ್ವರಿಗೆ 192.168.0.1. ಇದು ಖಾಸಗಿ ವಿಳಾಸ. ನಿಮ್ಮ ಮನೆಯ ದೇವರ ಕೋಣೆ, ನಮ್ಮ ಮನೆಯ ದೇವರ ಕೋಣೆ ಇದ್ದಂತೆ ಯಾವ ಮನೆಯಲ್ಲೂ ಇರಬಹುದು, ಒಂದರ ಜೊತೆ ಇನ್ನೊಂದು ಕಲಸಿಕೊಳ್ಳುವುದಿಲ್ಲ. ಈ ಎರಡರ ನಡುವೆ ಮನೆಯೊಳಗೆ ಕರೆಯುವ ಹೆಸರು ಒಂದು. ಸರ್ವರು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಿರುತ್ತದೆ, ಇಂಥ ಗುರುತಿನವಳು ಇಥ್-ಸೊನ್ನೆ ಎಂದು. ಸುಟ್ಟುಹೋದ ಕಿಂಡಿಗೆ ಆ ಹೆಸರು ಕೊಟ್ಟಾಗಿತ್ತು. ಸತ್ತರೂ ಹೆಸರು ಖಾಲಿಯಾಗಿಲ್ಲ. ಹೊಸದಾಗಿ ಬಂದವಳಿಗೆ ಸಿಕ್ಕಿದ್ದು ಮುಂದಿನ ಹೆಸರು. ಆದರೆ ಮನೆಯ ಕಾಗದಪತ್ರಗಳಲ್ಲೆಲ್ಲ ಬರೆದಿರುವುದು ವಿಳಾಸ ಇಥ್-ಸೊನ್ನೆಗೆ ಎಂದು. ಇಲ್ಲದವಳಿಗಾಗಿ ಸರ್ವರು ಒಂದು ನಿಮಿಷ ಕಾಯುತ್ತಿದ್ದದ್ದು ಅದಕ್ಕೇ.

"ಎರಡು ದಾರಿ ಇದೆ. ಪುಸ್ತಕದಲ್ಲಿ ಹಳೇ ಸಾಲು ಅಳಿಸಿ, ಹೊಸ ಕಾರ್ಡಿಗೆ ಹಳೇ ಹೆಸರು ಇಡೋದು. ಅದು ಬೇಗ ಆಗ್ತದೆ. ಇಲ್ಲಾ, ಕಾರ್ಡಿನ ಹೆಸರು ಹಾಗೇ ಬಿಟ್ಟು, ಇಥ್-ಸೊನ್ನೆ ಅಂತ ಎಲ್ಲೆಲ್ಲಿ ಬರೆದಿದೆಯೋ ಅಲ್ಲೆಲ್ಲ ತಿದ್ದೋದು. ಯಾವುದು ಮಾಡ್ತೀರಿ?" ಎಂದು ಬೆಂಗಳೂರಿನವಳು ಕೇಳಿದಳು.

ನಾನು ಹೇಳುತ್ತಿದ್ದದ್ದು ಮೊದಲನೆಯದನ್ನೇ. ಬಂದವರೇ ಹೆಸರು ಬದಲಿಸಿಕೊಳ್ಳುವುದು ನನಗೆ ಹೊಸದಲ್ಲವಲ್ಲ! ನನ್ನ ತಾಯಿಮನೆಯವರು ನನಗೆ ಒಂದು ನದಿಯ ಹೆಸರಿಟ್ಟಿದ್ದರು. 1990ರಲ್ಲಿ ಮದುವೆಯಾದಾಗ ನಮ್ಮವರ ಅಜ್ಜಿಯ ಹೆಸರೂ ಅದೇ ಆಗಿತ್ತು. ದೊಡ್ಡವರ ಹೆಸರು ಹಿಡಿದು ಸೊಸೆಯನ್ನು ಬೈಯುವುದು ಹೇಗೆ? ಹಾಗಾಗಿ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ನಮ್ಮವರ ಕೈಯಲ್ಲಿ ಹೂವಿನ ಹೆಸರೊಂದನ್ನು ಬರೆಸಿದರು. ನನಗೂ ಆಗ ಚೆನ್ನಾಗಿಯೇ ಅನ್ನಿಸಿತ್ತು. ಎರಡು ತಿಂಗಳ ಮೇಲೆ ನನ್ನ ಅಪ್ಪ ಹಳೆಯ ಹೆಸರಿಗೆ ಒಂದು ಇನ್‌ಲ್ಯಾಂಡ್ ಪತ್ರ ಬರೆದರು. ಅಂಚೆಯವನು ಬಂದಾಗ ಬಾಗಿಲಲ್ಲಿ ಯಾರೋ, "ಆ ಹೆಸರಿನವರು ತೀರಿಕೊಂಡು ಎಂಟು ವರ್ಷ ಆಯ್ತು" ಎಂದರಂತೆ. ಪತ್ರ ವಾಪಸು ಹೋಯಿತು, ಅದೇ ಷರಾದೊಂದಿಗೆ. ಅಪ್ಪ ಅದನ್ನು ಓದಿ ಅಂಗಿಯ ಗುಂಡಿಯನ್ನೂ ಸರಿಯಾಗಿ ಹಾಕಿಕೊಳ್ಳದೆ ಬಸ್ಸು ಹತ್ತಿ ಬಂದಿದ್ದರು. ನಾನು ಅಂಗಳದಲ್ಲಿ ಬಟ್ಟೆ ಹರವುತ್ತಿದ್ದೆ. ನನ್ನನ್ನು ನೋಡಿ ತುಳಸಿಕಟ್ಟೆಯ ಮೇಲೆ ಕೂತುಬಿಟ್ಟರು, ಮಾತೇ ಹೊರಡಲಿಲ್ಲ. ಮನೆಯವರೆಲ್ಲ ಆಮೇಲೆ ಎಷ್ಟೋ ವರ್ಷ ಇದನ್ನು ಹೇಳಿಕೊಂಡು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅಪ್ಪ ಮಾತ್ರ ನಕ್ಕದ್ದು ನನಗೆ ನೆನಪಿಲ್ಲ. ಮುಂದಿನ ಪತ್ರಗಳ ಮೇಲೆಲ್ಲ ಅವರು ಹೂವಿನ ಹೆಸರನ್ನೇ ಬರೆದರು. ಬರೆಯುವಾಗ ಅವರಿಗೆ ಏನನ್ನಿಸುತ್ತಿತ್ತೋ, ನಾನು ಕೇಳಲಿಲ್ಲ. ಆ ಹುಡುಗಿ ಸಮಾರಾಧನೆಯ ಕಾರ್ಡು ತೋರಿಸಿದಾಗ ನನಗೆ ಮಾತು ತೋಚದಿದ್ದದ್ದು ಇದಕ್ಕೆ.

ಫೋನು ಕಿವಿಯಲ್ಲೇ ಇತ್ತು. "ಹೊಸದಕ್ಕೆ ಹಳೇ ಹೆಸರು ಇಡೋಣವಾ?" ಎಂದು ಹುಡುಗಿಯನ್ನು ಕೇಳಿದೆ. ಅವಳು ಪರದೆಯಿಂದ ಮುಖ ತಿರುಗಿಸಿ, "ಕಾರ್ಡಿನ ತಪ್ಪೇನು ಅಕ್ಕೋರೆ? ಪುಸ್ತಕ ತಿದ್ದೋಣ" ಎಂದಳು. ಅಷ್ಟೆ. ಭಾಷಣವೇನೂ ಮಾಡಲಿಲ್ಲ. ನಾನು ಫೋನಿನಲ್ಲಿ, "ಎರಡನೇ ದಾರಿ" ಎಂದೆ.

ತಿದ್ದುವ ಮುಂಚೆ ಪ್ರತಿ ಫೈಲಿನ ಒಂದು ನಕಲು ಇಟ್ಟುಕೊಳ್ಳಿ ಎಂದಳು ಬೆಂಗಳೂರಿನವಳು. ಆ ಬುದ್ಧಿಮಾತನ್ನು ನಾನು ಅಡುಗೆಯ ಚೀಟಿಗಳಿಗೂ ಪಾಲಿಸುತ್ತ ಬಂದಿದ್ದೇನೆ. ವಿಳಾಸ ಬರೆದಿದ್ದ ಫೈಲು ತೆರೆದು, ಸೊನ್ನೆ ಇದ್ದಲ್ಲಿ ಒಂದು ಮಾಡಿ ಉಳಿಸಿದೆವು. ಜಾಲವನ್ನು ಮತ್ತೆ ಎಬ್ಬಿಸಿದೆವು. ಹೆಡ್ ಅಕ್ಕೋರ ಕೋಣೆಯ ಕಂಪ್ಯೂಟರಿಗೆ ಅದರದೇ ಕಾಯಂ ವಿಳಾಸವಿತ್ತು. ಅದಕ್ಕೆ 'ಪಿಂಗ್' ಮಾಡಿಸಿದಳು. ಪಿಂಗ್ ಎಂದರೆ ಬಾಗಿಲು ತಟ್ಟಿ, "ಇದ್ದೀರಾ?" ಎಂದು ಕೇಳುವುದು. ಉತ್ತರ ಬಂತು! ಒಂದರ ಕೆಳಗೊಂದು ಸಾಲು, ಇದ್ದೇನೆ, ಇದ್ದೇನೆ, ಇದ್ದೇನೆ. ಆದರೆ ಮಕ್ಕಳ ಯಂತ್ರಗಳಲ್ಲಿ ಇನ್ನೂ ಚುಕ್ಕಿಯೇ. ಅರ್ಧ ಗಂಟೆ ತಲೆ ಕೆಡಿಸಿಕೊಂಡೆವು. ತಂತಿ ಕಿತ್ತು ಹಾಕಿದೆವು, ಯಂತ್ರ ಆರಿಸಿ ಹಚ್ಚಿದೆವು. ಕೊನೆಗೆ ಬೆಂಗಳೂರಿನವಳೇ, "ಅಯ್ಯೋ, ಮರೆತೆ ಅಕ್ಕೋರೆ. ವಿಳಾಸ ಹಂಚುವವನಿಗೂ ಹೇಳಬೇಕು" ಎಂದಳು. ಬೆಳಿಗ್ಗೆ ಎದ್ದ ಯಂತ್ರಗಳಿಗೆಲ್ಲ ವಿಳಾಸ ಹಂಚಲು ಸರ್ವರಿನೊಳಗೆ ಡಿಎಚ್‌ಸಿಪಿ ಎಂಬ ಒಬ್ಬ ಪಾರುಪತ್ಯಗಾರನಿದ್ದಾನೆ. ಅವನ ಕಾಗದದಲ್ಲಿಯೂ ಇಥ್-ಸೊನ್ನೆಯ ಬಾಗಿಲಲ್ಲಿ ನಿಲ್ಲು ಎಂದೇ ಇತ್ತು. ಪಾಪ, ಇಲ್ಲದ ಬಾಗಿಲು ಹುಡುಕಿ ಸೋತು ಮಲಗಿದ್ದ. ಅಲ್ಲಿಯೂ ತಿದ್ದಿ ಅವನನ್ನು ಎಬ್ಬಿಸಿದೆವು.

ಹುಡುಗಿ ತನ್ನ ಏಳನೆಯ ನಂಬರಿನ ಯಂತ್ರದ ಎದುರು ಹೋಗಿ ಕೂತಳು. ಗುಂಡಿ ಒತ್ತಿದಳು. ಒಂದು ಚುಕ್ಕಿ. ಎರಡು ಚುಕ್ಕಿ. ಮೂರನೆಯದು ಬರುವ ಮುಂಚೆ 192.168.0 ಎಂದು ಶುರುವಾಗುವ ಸಾಲೊಂದು ಮೂಡಿ, ಪರದೆ ಬಣ್ಣವಾಯಿತು. ಅವಳು ತನ್ನ ಗುಪ್ತಪದ ಹಾಕಿದಳು, ಫೈಲು ತೆರೆದಳು. ಮೊದಲ ಸಾಲಿನಲ್ಲೇ ಅಜ್ಜಿ ತನ್ನ ಹುಟ್ಟಿದ ಮನೆಯ ಹೆಸರು ಹೇಳಿದ್ದಳು. ಅವಳು ಪೂರ್ತಿ ಓದಿ ಮುಗಿಸುವವರೆಗೆ ನಾನು ಕಿಟಕಿಯ ಬಳಿ ನಿಂತು ಹಲ್ಲಿಯ ಮೊಟ್ಟೆ ನೋಡುತ್ತಿದ್ದೆ. ಸೋಮವಾರ ನನ್ನ ಸ್ವಂತ ಹಣದಲ್ಲಿ ಪ್ರಿಂಟರಿಗೆ ಶಾಯಿ ತರಿಸಿ ಎಲ್ಲ ಫೈಲುಗಳನ್ನೂ ಕಾಗದಕ್ಕಿಳಿಸಿದೆವು.

ಅದಾದ ಮೇಲೆ ನನಗೆ ಈ ವಿಷಯ ಓದುವ ಚಪಲ ಹತ್ತಿತು. ಈಥರ್ನೆಟ್ ಎಂಬ ಈ ತಂತಿಯ ಜಾಲವನ್ನು 1973ರಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ಬಾಬ್ ಮೆಟ್‌ಕಾಫ್ ಎಂಬಾತ ಕಲ್ಪಿಸಿದನಂತೆ. ಬೆಳಕು ಹರಿಯಲು ಎಲ್ಲೆಲ್ಲೂ ತುಂಬಿಕೊಂಡಿದೆ ಎಂದು ಹಿಂದೆ ನಂಬಿದ್ದ 'ಈಥರ್' ಎಂಬ ವಸ್ತುವಿನಿಂದ ಆ ಹೆಸರು. ನನಗೆ ಇನ್ನೂ ಹೆಚ್ಚು ಖುಷಿ ಕೊಟ್ಟವಳು ರೇಡಿಯಾ ಪರ್ಲ್‌ಮನ್. ಒಂದು ಜಾಲದಲ್ಲಿ ತಂತಿಗಳು ಸುತ್ತು ಹಾಕಿಕೊಂಡರೆ ಮಾತುಗಳು ಅಲ್ಲೇ ಗಿರಗಿರನೆ ತಿರುಗಿ ಎಲ್ಲವನ್ನೂ ಕಟ್ಟಿಹಾಕುತ್ತವೆ. ನಮ್ಮ ಹುಡುಗಿಯರು ಒಮ್ಮೆ ಒಂದೇ ತಂತಿಯ ಎರಡೂ ತುದಿಯನ್ನು ಸ್ವಿಚ್‌ಗೆ ಸಿಕ್ಕಿಸಿ ಇದನ್ನು ಮಾಡಿ ತೋರಿಸಿದ್ದರು. ಹಾಗಾಗದಂತೆ ಜಾಲವನ್ನು ಕೊಂಬೆಗಳಿರುವ ಮರದಂತೆ ಜೋಡಿಸುವ ಉಪಾಯವನ್ನು 1985ರಲ್ಲಿ ಕಂಡುಹಿಡಿದವಳು ಈ ಹೆಂಗಸು. ಅದನ್ನು ವಿವರಿಸಲು ಅವಳು ಒಂದು ಪದ್ಯವನ್ನೂ ಬರೆದಳು. ಇದನ್ನು ಓದಿದ ದಿನ ಸ್ಟಾಫ್ ರೂಮಿನಲ್ಲಿ ನಾನು ಎರಡು ಲೋಟ ಚಹಾ ಕುಡಿದೆ. ಕನ್ನಡದವಳಿಗೇಕೆ ಕಂಪ್ಯೂಟರು ಎಂದು ಕೇಳುತ್ತಿದ್ದ ಗಣಿತದ ಮಾಸ್ತರರಿಗೆ ಹೇಳಲು ಒಂದು ಮಾತು ಸಿಕ್ಕಿತ್ತು.

ಆ ಸರ್ವರು ಈಗ ಇಲ್ಲ. 2017ರಲ್ಲಿ ಅದನ್ನು ಗುಜರಿಗೆ ಹಾಕುವಾಗ ನಾನು ಕಾರ್ಡನ್ನು ಬಿಚ್ಚಿಟ್ಟುಕೊಂಡೆ, ಈ ಸಲ ಕೈ ನಡುಗಲಿಲ್ಲ. ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದಳು. ಈಗ ಮಂಗಳೂರಿನ ಕಡೆ ಕೆಲಸದಲ್ಲಿದ್ದಾಳೆ. ಮದುವೆಯಾದ ವರ್ಷ ಮಾತಾಡಿಸಲು ಬಂದಿದ್ದಳು. "ಅಲ್ಲಿ ನಿನ್ನನ್ನ ಏನಂತ ಕರೀತಾರೆ?" ಎಂದು ಕೇಳಿದೆ. "ಹೆಸರು ಬದಲಿಸೋದಿಲ್ಲ ಅಂದೆ ಅಕ್ಕೋರೆ. ಸ್ವಲ್ಪ ಜಗಳ ಆಯ್ತು. ಅತ್ತೆ ಇನ್ನೂ ಯಾವ ಹೆಸರಿಂದಲೂ ಕರೆಯೋದಿಲ್ಲ. 'ಏ ಇವಳೇ' ಅಂತಾರೆ" ಎಂದು ನಕ್ಕಳು. ಪುಸ್ತಕ ತಿದ್ದುವುದು ನಿಧಾನದ ಕೆಲಸ. ಎರಡು ಕಡೆ ತಿದ್ದಿದರೂ ಮೂರನೆಯ ಕಡೆ ಹಳೆಯದೇ ಉಳಿದಿರುತ್ತದೆ.

ನನಗೆ ನಿವೃತ್ತಿಗೆ ಇನ್ನು ಹೆಚ್ಚು ಸಮಯವಿಲ್ಲ. ಪಿಂಚಣಿಯ ಕಾಗದಗಳು ಓಡಾಡುತ್ತಿವೆ. ಪದವಿಯ ಪ್ರಮಾಣಪತ್ರದಲ್ಲಿ, ಸೇವಾ ಪುಸ್ತಕದಲ್ಲಿ ನಾನು ನದಿ. ರೇಷನ್ ಕಾರ್ಡಿನಲ್ಲಿ, ಬ್ಯಾಂಕಿನಲ್ಲಿ ಹೂವು. ಇವರಿಬ್ಬರೂ ಒಬ್ಬಳೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಬೇಕಂತೆ. ಹೋದ ವಾರ ನೋಟರಿಯವರ ಕಚೇರಿಯಲ್ಲಿ ಗುಮಾಸ್ತ, "ಯಾವ ಹೆಸರು ಮುಂದುವರಿಸೋದು ಮೇಡಂ? ಹೂವಿನದೇ ಇರಲಾ?" ಎಂದು ಕೇಳಿದ. ನಮ್ಮವರು ಪಕ್ಕದಲ್ಲೇ ಕೂತಿದ್ದರು. ನಾನು ಉತ್ತರ ಹೇಳುವ ಮುಂಚೆ ಅವರೇ, "ಹುಟ್ಟಿದ್ದೇ ಇರಲಿ ಬಿಡಿ. ಬ್ಯಾಂಕಿನಲ್ಲಿ ನಾನೇ ಹೋಗಿ ತಿದ್ದಿಸ್ತೇನೆ" ಎಂದರು. ಮೂವತ್ತೈದು ವರ್ಷದ ಹಿಂದೆ ಅಕ್ಕಿಯಲ್ಲಿ ಬರೆದ ಕೈ ಅದು. ಮನೆಗೆ ಬಂದ ಮೇಲೂ ಅವರು ನನ್ನನ್ನು ಕೂಗಿದ್ದು ಹೂವಿನ ಹೆಸರಿನಿಂದಲೇ, ಚಹಾ ಕೇಳಲಿಕ್ಕೆ. ಅಭ್ಯಾಸ ಎಲ್ಲಿ ಹೋಗುತ್ತದೆ? ನಾನೂ ಓಗೊಟ್ಟೆ. ಒಲೆ ಹಚ್ಚುವ ಮುಂಚೆ ಮಾತ್ರ ಕಪಾಟಿನ ಡಬ್ಬಿಯಿಂದ ಆ ಕಾರ್ಡು ತೆಗೆದು ನೋಡಿದೆ. ಅದರ ಮೇಲಿನ ಚೀಟಿಯ ಹನ್ನೆರಡು ಅಕ್ಷರಗಳು ಒಂದೂ ಮಾಸಿರಲಿಲ್ಲ.